ಅಜ್ಜನ ಜೋಡುನಳಿಕೆ ಕೋವಿ: ಕೊಳ್ಳೋ ಮುಂಚೆ ಮುರಿದು ನೋಡಿ

ಧಾರಾಪುರಂ: ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಮರಾವತಿ ನದಿ ದಂಡೆಯ ಈ ಸೀಮೆಯಲ್ಲಿ ಒಕ್ಕಲಿಗರು, ದೇವಾಂಗದವರು ತಲೆಮಾರುಗಳಿಂದ ಹೀಗೇ ಬದುಕಿದ್ದಾರೆ. ಹೆಣ್ಣು ಕೊಡೋದು, ತರೋದು ಗಡಿಯಾಚೆಗೂ ನಡೆಯುತ್ತದೆ. ಬೀಗರ ಮನೆಗೆ ಹೋದಾಗ ದನ, ಜಮೀನು, ಬಾವಿ ಎಲ್ಲ ನೋಡಿ ಆದ ಮೇಲೆ ಕೆಲವು ಹಳೆ ತೊಟ್ಟಿ ಮನೆಗಳಲ್ಲಿ ಇನ್ನೊಂದು ವಸ್ತು ಹೊರಗೆ ಬರುವುದುಂಟು. ಹಳೆ ಪಂಚೆಯಲ್ಲಿ ಸುತ್ತಿಟ್ಟ, ಎರಡು ನಳಿಕೆಯ, ಮೇಲೆ ಎರಡು ಕಿವಿ ನಿಮಿರಿಸಿಕೊಂಡಂತೆ ಕುದುರೆ ಇರುವ ಕೋವಿ. ತಮಿಳರಿಗೆ ಅದು ‘ತುಪ್ಪಾಕಿ’, ಮೈಸೂರು ಕಡೆಯವರಿಗೆ ‘ಕೋವಿ’, ಬೆಳಗಾವಿ ಕಡೆಯವರಿಗೆ ‘ಬಂದೂಕು’. ಹೆಸರು ಮೂರು, ತಲೆನೋವು ಒಂದೇ.

ಹೌದು, ಹಿರಿಯರು ತೀರಿಕೊಂಡರು, ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪನಿಗೋ ಬೆಂಗಳೂರಿಗೋ ಸೇರಿಕೊಂಡರು ಅಂದರೆ ಕೋವಿಯನ್ನು ಇಟ್ಟುಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕೊಳ್ಳುವ ಆಸೆ ಇರುವವರಿಗೇನೂ ಕೊರತೆ ಇಲ್ಲ. ವಿದೇಶಿ ಕೋವಿಗಳ ಖಾಸಗಿ ಆಮದು 1980ರ ದಶಕದಲ್ಲೇ ಬಹುತೇಕ ನಿಂತುಹೋಯಿತು. ಹಾಗಾಗಿ ಹಳೆ ಇಂಗ್ಲಿಷ್ ಕೋವಿ ಅಂದರೆ ಕಣ್ಣರಳಿಸುವವರು ಇವತ್ತಿಗೂ ಇದ್ದಾರೆ. ತೊಂದರೆ ಶುರುವಾಗೋದು ಇಲ್ಲೇ.

‘ಅಳಿಯಂದ್ರೇ, ಇದು ಲಂಡನ್ ಮಾಲು. ನಮ್ಮಪ್ಪಾರು ಇದರಲ್ಲೇ ಹೊಡೀತಿದ್ರು’ ಅಂತ ಮಾವನವರು ಕೈಗಿಟ್ಟರೆ ಅಳಿಯ ಏನು ತಾನೇ ಹೇಳಿಯಾನು? ‘ನಳಿಕೆ ತೆಗೀರಿ ಮಾವ, ಕಿಟಕಿ ಬೆಳಕಿಗೆ ಹಿಡಿದು ನೋಡ್ಬೇಕು’ ಅನ್ನೋ ಧೈರ್ಯ ಬಹಳ ಮಂದಿಗೆ ಬರೋದಿಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ. ಕೋವಿ ಕೊಳ್ಳುವಾಗ ಮಾತ್ರ ದಾಕ್ಷಿಣ್ಯ. ಎತ್ತು ಕೆಟ್ಟರೆ ದುಡ್ಡು ಹೋಗುತ್ತದೆ, ನಳಿಕೆ ಕೆಟ್ಟಿದ್ದರೆ ಎಡಗೈ ಬೆರಳು, ಕಣ್ಣು ಹೋಗುತ್ತವೆ. ಕಾಗದ ಕೆಟ್ಟಿದ್ದರಂತೂ ಜೈಲೇ ಗತಿ.

‘ಆಂಟಿಕ್ ಅಲ್ವಾ, ಲೈಸೆನ್ಸ್ ಯಾಕೆ?’

ಈ ಮಾತು ಎರಡೂ ರಾಜ್ಯಗಳಲ್ಲಿ ಕೇಳಿಬರುತ್ತದೆ. ನೂರು ವರ್ಷ ದಾಟಿದ ಕೋವಿಗೆ ಲೈಸೆನ್ಸ್ ಬೇಡ ಅನ್ನೋದು ಶುದ್ಧ ತಪ್ಪು ತಿಳಿವಳಿಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಅದರ ಬಾಲದಲ್ಲೇ ಒಂದು ಷರತ್ತು ಇದೆ. ರಿಪೇರಿ ಮಾಡಿದರೂ, ಮಾಡದಿದ್ದರೂ ಗುಂಡು ಹಾರಿಸಲು ಬಾರದಂಥದ್ದಾಗಿರಬೇಕು. ಹ್ಯಾಮರ್ ಇರುವ ಜೋಡುನಳಿಕೆ ಕೋವಿ 1890ರದ್ದೇ ಇರಲಿ, ಇಂದಿನ ಅಂಗಡಿಯಲ್ಲಿ ಸಿಗುವ 12 ಬೋರ್ ತೋಟಾ ಅದರೊಳಗೆ ಕೂರುತ್ತದೆ. ಅಂದಮೇಲೆ ಅದು ಗೋಡೆಗೆ ತೂಗುಹಾಕುವ ಅಲಂಕಾರದ ವಸ್ತು ಅಲ್ಲ, ಪೂರ್ಣ ಪ್ರಮಾಣದ ಬಂದೂಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸಜೆ.

ಕೊಡಗಿನವರ ಉದಾಹರಣೆ ಕೊಡುವವರೂ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡೋದು ಎಲ್ಲರಿಗೂ ಗೊತ್ತು. ಆ ವಿನಾಯಿತಿ ಕೊಡಗಿನ ಇತಿಹಾಸಕ್ಕೆ ಅಂಟಿಕೊಂಡದ್ದು. ಧಾರಾಪುರಂ, ತಾಳವಾಡಿ, ಕೊಳ್ಳೇಗಾಲದವರಿಗೆ ಅದು ದಕ್ಕುವುದಿಲ್ಲ.

ಮೂರು ಜಿಲ್ಲೆಯ ಮುದ್ರೆ

ಕೋವಿ ನೋಡೋದಕ್ಕಿಂತ ಮೊದಲು ಲೈಸೆನ್ಸ್ ಪುಸ್ತಕ ಕೇಳಬೇಕು. ಈ ಭಾಗದ ಹಳೆ ಕೋವಿಗಳ ಕಾಗದ ಓದೋದು ಒಂಥರಾ ಚರಿತ್ರೆ ಓದಿದ ಹಾಗೆ. ಟಿಪ್ಪು ಸುಲ್ತಾನ್ ಮಡಿದ 1799ರವರೆಗೆ ಮೈಸೂರಿನ ಕೈಯಲ್ಲಿದ್ದ ಧಾರಾಪುರಂ ಆಮೇಲೆ ಕುಂಪಣಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1979ರಲ್ಲಿ ಪೆರಿಯಾರ್ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. ಆ ಜಿಲ್ಲೆಗೆ ಮುಂದೆ ಈರೋಡ್ ಅಂತ ಹೆಸರಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾದಾಗ ತಾಲೂಕು ಮತ್ತೆ ಕೈ ಬದಲಿಸಿತು. ಅಂದರೆ ಊರು ಕದಲಲಿಲ್ಲ, ಮನೆ ಕದಲಲಿಲ್ಲ, ಆದರೆ ಅಜ್ಜನ ಕಾಲದಿಂದ ನವೀಕರಣ ಆಗುತ್ತ ಬಂದ ಕೋವಿಯ ದಾಖಲೆ ಮೂರು ಕಲೆಕ್ಟರ್ ಕಚೇರಿ ಸುತ್ತಿರಬೇಕು. ಒಂದು ಕೊಂಡಿ ತಪ್ಪಿದ್ದರೂ ‘ಈ ನಂಬರ್ ನಮ್ಮ ರಿಜಿಸ್ಟರಿನಲ್ಲಿ ಇಲ್ಲ’ ಅನ್ನೋ ಉತ್ತರ ಬರಬಹುದು.

ಗಡಿಯ ಈಚೆಗೂ ಇದೇ ಕಥೆ. ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂತು. ಕನ್ನಡ ಮಾತಾಡುವ ತಾಳವಾಡಿ ಮಾತ್ರ ಅಲ್ಲೇ ಉಳಿಯಿತು. ಹೀಗಾಗಿ ಕೊಳ್ಳೇಗಾಲದ ಮನೆಯೊಂದರಲ್ಲಿ ಕೊಯಮತ್ತೂರು ಕಲೆಕ್ಟರ ಮುದ್ರೆಯ ಹಳೆ ಲೈಸೆನ್ಸ್ ಸಿಕ್ಕರೆ ಅದು ನಕಲಿ ಅಂತ ಗಾಬರಿಯಾಗಬೇಕಿಲ್ಲ. ಆಮೇಲಿನ ಮೈಸೂರು ಕಾಗದ, 1997ರಲ್ಲಿ ಹುಟ್ಟಿದ ಚಾಮರಾಜನಗರ ಜಿಲ್ಲೆಯ ಕಾಗದ ಸಾಲಾಗಿ ಇದೆಯೇ ಅನ್ನೋದು ಮುಖ್ಯ.

ಲೈಸೆನ್ಸಿನಲ್ಲಿ ಬರೆದಿರುವ ನಂಬರ್ ಕೋವಿಯ ಮೇಲೂ ಇರಬೇಕು. ಹಳೆ ಜೋಡುನಳಿಕೆಯನ್ನು ಮೂರು ಭಾಗ ಮಾಡಬಹುದು: ನಳಿಕೆ, ಬೀಗ ಇರುವ ನಡುಭಾಗದ ಜೊತೆ ಮರದ ಹಿಡಿ, ಮುಂದಿನ ಕೈಮರ. ಒಳ್ಳೆ ಕೋವಿಯಲ್ಲಿ ಮೂರಕ್ಕೂ ಒಂದೇ ನಂಬರ್ ಹೊಡೆದಿರುತ್ತಾರೆ. ನಳಿಕೆಯದ್ದು ಒಂದು, ಬೀಗದ್ದು ಇನ್ನೊಂದು ಅಂದರೆ ಎರಡು ಕೋವಿ ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ನಂಬರ್ ಉಜ್ಜಿ ಅಳಿಸಿದ್ದರೆ ಅಲ್ಲಿಗೇ ಕೈ ಮುಗಿದು ಎದ್ದುಬಿಡೋದು ಒಳ್ಳೇದು. ಕಾಫಿ ಬೇಕಾದರೆ ಕುಡಿದು ಬರಬಹುದು.

ಲೈಸೆನ್ಸ್‌ದಾರ ತೀರಿಕೊಂಡಿದ್ದರೆ? ಕಾಯ್ದೆಯ 21ನೇ ಕಲಮಿನ ಪ್ರಕಾರ ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಗೋ ಒಪ್ಪಿಸಬೇಕು. ‘ತಿಥಿ ಮುಗೀಲಿ, ನೋಡೋಣ’ ಅಂತ ಅಟ್ಟದ ಮೇಲೆ ಇಟ್ಟು ಐದಾರು ವರ್ಷ ಮರೆತವರು ಗೊತ್ತಿಲ್ಲದೇ ಅಪರಾಧಿಗಳಾಗಿರುತ್ತಾರೆ. ಅಂಥ ಮನೆಯಿಂದ ಕೊಂಡವನೂ ಅದೇ ಸಾಲಿಗೆ ಸೇರುತ್ತಾನೆ. 2016ರ ನಿಯಮಗಳಲ್ಲಿ ವಾರಸುದಾರರಿಗೆ ಒಂದು ದಾರಿ ಇದೆ. ಲೈಸೆನ್ಸ್‌ದಾರ ಸತ್ತ ಮೇಲೆ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದಾಗ ಬದುಕಿರುವಾಗಲೇ ಮಕ್ಕಳಲ್ಲಿ ಒಬ್ಬರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬಹುದು. ಮಕ್ಕಳಿಗೆ ಆಸೆ ಇದ್ದರೆ ಮಾರುವುದಕ್ಕಿಂತ ಇದೇ ಸಲೀಸು.

ಕಿಟಕಿ ಬೆಳಕಿನ ಪರೀಕ್ಷೆ

ಕಾಗದ ಸರಿ ಇದೆ ಅಂತಿಟ್ಟುಕೊಳ್ಳೋಣ. ಲೈಸೆನ್ಸ್‌ದಾರ ಎದುರಿಗೇ ಇರಬೇಕು, ಅವರ ಗೈರುಹಾಜರಿಯಲ್ಲಿ ಕೋವಿ ಕೈಗೆ ತಗೊಳ್ಳೋದೇ ಬೇಡ. ಮೊದಲ ಕೆಲಸ ಕೋವಿ ಮುರಿಯೋದು. ಮುರಿಯೋದು ಅಂದರೆ ಹಾಳು ಮಾಡೋದಲ್ಲ, ಮೇಲಿನ ಅಥವಾ ಅಡಿಯ ಸನ್ನೆ ಒತ್ತಿ ನಳಿಕೆಯನ್ನು ಕೆಳಗೆ ಬಾಗಿಸೋದು. ಒಳಗೆ ತೋಟಾ ಇಲ್ಲ ಅಂತ ಕಣ್ಣಲ್ಲೇ ನೋಡಬೇಕು. ‘ಖಾಲಿ ಐತೆ, ನಲವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ’ ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ.

ನಂತರ ಕೈಮರ ಕಳಚಿ, ನಳಿಕೆಯನ್ನು ಬಿಡಿಸಿ ತೆಗೆದು ಆಕಾಶದ ಬೆಳಕಿಗೆ ಹಿಡಿಯಬೇಕು. ಒಳಗಿನ ಬೆಳಕು ಕನ್ನಡಿಯ ಹಾಗೆ ಬಳೆ ಬಳೆಯಾಗಿ ಕಂಡರೆ ಒಳ್ಳೇದು. ಕಪ್ಪು ಚುಕ್ಕೆ ಕಂಡರೆ ತುಕ್ಕು ತಿಂದ ಗುಳಿ. ಹಿಂದಿನ ಕಾಲದ ಕರಿಮದ್ದು, ಆ ಕಾಲದ ತೋಟಾದ ಕ್ಯಾಪು ಎರಡೂ ಕಬ್ಬಿಣ ತಿನ್ನುವಂಥವು. ಹೊಡೆದು ಬಂದು ತೊಳೆಯದೆ ಇಟ್ಟರೆ ಗುಳಿ ಬೀಳುತ್ತದೆ. ಬಾಯಿ ಹತ್ತಿರದ ಸಣ್ಣ ಗುಳಿ ಅಷ್ಟು ಅಪಾಯ ಅಲ್ಲ. ತೋಟಾ ಕೂರುವ ಜಾಗದ ಮುಂದೆ, ಒತ್ತಡ ಜಾಸ್ತಿ ಇರುವ ಕಡೆ ಗುಳಿ ಇದ್ದರೆ ಅದು ಬೇರೆ ಮಾತು. ಒಳಗೆ ಒಂದು ಕಡೆ ಮಾತ್ರ ನೆರಳು ಉಬ್ಬಿದಂತೆ ಕಂಡರೆ ಹೊರಗಿನಿಂದ ಬಿದ್ದ ತಗ್ಗು, ಅದನ್ನು ನುರಿತ ಕೋವಿ ಕೆಲಸಗಾರ ಎಬ್ಬಿಸಬಲ್ಲ. ಸುತ್ತಲೂ ಉಂಗುರದ ಹಾಗೆ ನೆರಳು ಬಿದ್ದರೆ ನಳಿಕೆ ಒಳಗಿಂದ ಉಬ್ಬಿದೆ. ಹಿಂದೆ ಯಾವಾಗಲೋ ಮಣ್ಣೋ ಬಟ್ಟೆ ಚೂರೋ ಸಿಕ್ಕಿಕೊಂಡಿದ್ದಾಗಲೇ ಹೊಡೆದಿದ್ದಾರೆ ಅಂತ ಲೆಕ್ಕ. ಅಂಥದ್ದನ್ನು ಬಿಟ್ಟುಬಿಡಬೇಕು.

ಬಿಡಿಸಿದ ನಳಿಕೆಯನ್ನು ಅದರ ಕೊಕ್ಕೆಗೆ ಬೆರಳು ಕೊಟ್ಟು ತೂಗುಬಿಟ್ಟು ಬೆರಳ ಗೆಣ್ಣಿನಿಂದ ಟಕ್ ಅಂತ ಬಾರಿಸುವುದು ಹಳೆ ಕೆಲಸಗಾರರ ಪದ್ಧತಿ. ಗುಡಿ ಗಂಟೆಯಂತೆ ಉದ್ದಕ್ಕೆ ನಾದ ಬಂದರೆ ಎರಡು ನಳಿಕೆಯನ್ನು ಹಿಡಿದ ಪಟ್ಟಿಯ ಬೆಸುಗೆ ಗಟ್ಟಿ ಇದೆ. ಒಡೆದ ಮಡಕೆಯಂತೆ ಬೊದ್ದು ಸದ್ದು ಬಂದರೆ ಬೆಸುಗೆ ಬಿಟ್ಟಿದೆ. ಮಾರುಕಟ್ಟೆಯಲ್ಲಿ ಮಡಕೆ ಕೊಳ್ಳುವ ಹೆಂಗಸರಿಗೆ ಈ ಪರೀಕ್ಷೆ ಹೇಳಿಕೊಡಬೇಕಾಗಿಲ್ಲ.

ನಳಿಕೆಯ ತುದಿ ಕಡೆಗೂ ಒಂದು ಕಣ್ಣು ಇರಲಿ. ಎರಡು ಬಾಯಿಗಳ ನಡುವೆ ದೊಡ್ಡ ಸಂದು ಇದ್ದು ಅದಕ್ಕೆ ಸೀಸ ತುಂಬಿದ್ದರೆ ಯಾರೋ ನಳಿಕೆ ಕತ್ತರಿಸಿ ಗಿಡ್ಡ ಮಾಡಿದ್ದಾರೆ. ನಳಿಕೆ ಗಿಡ್ಡ ಮಾಡೋದಕ್ಕೆ ಕಾಯ್ದೆಯಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಕು. 20 ಇಂಚಿಗಿಂತ ಕಡಿಮೆ ಆದರಂತೂ ಸಾಮಾನ್ಯ ಲೈಸೆನ್ಸಿಗೆ ಸಿಗದ ನಿರ್ಬಂಧಿತ ವರ್ಗಕ್ಕೆ ಹೋಗುತ್ತದೆ.

ಕುದುರೆಯ ಆಟ

ಮರಾಠಿಯಲ್ಲಿ ‘ಘೋಡಾ’, ಕನ್ನಡದಲ್ಲಿ ‘ಕುದುರೆ’. ಎರಡೂ ಭಾಷೆಯವರು ಬಂದೂಕಿನ ಹ್ಯಾಮರಿಗೆ ಒಂದೇ ಪ್ರಾಣಿಯ ಹೆಸರಿಟ್ಟಿರೋದು ಸೋಜಿಗ. ಹ್ಯಾಮರ್ ಒಳಗೇ ಅಡಗಿರುವ ಆನ್ಸನ್ ಮತ್ತು ಡೀಲಿ ಮಾದರಿ ಬರ್ಮಿಂಗ್‌ಹ್ಯಾಮ್‌ನಲ್ಲಿ 1875ರಲ್ಲೇ ಬಂದರೂ ಹೊರಗೆ ಕುದುರೆ ಕಾಣುವ ಕೋವಿಗಳ ತಯಾರಿಕೆ 20ನೇ ಶತಮಾನದಲ್ಲೂ ಮುಂದುವರಿಯಿತು. ಬೆಲೆ ಕಡಿಮೆ, ಕೆಟ್ಟರೆ ಕಣ್ಣಿಗೆ ಕಾಣುವ ಯಂತ್ರ. ಹಳ್ಳಿಗಾಡಿನ ಬಳಕೆಗೆ ಹೇಳಿ ಮಾಡಿಸಿದ್ದು.

ಎರಡೂ ಕುದುರೆಯನ್ನು ಒಂದೊಂದಾಗಿ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ‘ಕ್ಲಿಕ್’ ಸದ್ದು ಸ್ಪಷ್ಟವಾಗಿ ಬರಬೇಕು. ಪೂರ್ತಿ ಎಳೆದು ನಿಲ್ಲಿಸಿದ ಕುದುರೆಯನ್ನು, ಅದರ ಬೆನ್ನಿಗೆ ಹೆಬ್ಬೆರಳು ಕಾವಲಿಟ್ಟುಕೊಂಡು, ಮುಂದಕ್ಕೆ ಸ್ವಲ್ಪ ಒತ್ತಿ ನೋಡಬೇಕು. ಟ್ರಿಗರ್ ಮುಟ್ಟದೆಯೇ ಜಾರಿ ಬಿದ್ದರೆ ಒಳಗಿನ ಹಲ್ಲು ಸವೆದಿದೆ. ಅಂಥ ಕೋವಿ ಹೆಗಲ ಮೇಲಿದ್ದಾಗ ಬೇಲಿಗೆ ತಾಗಿದರೂ ಸಿಡಿಯಬಹುದು. ಹೊಡೆದ ನಂತರ ಕುದುರೆ ತಾನಾಗಿ ಅರ್ಧಕ್ಕೆ ಹಿಂದೆ ಸರಿಯುವ ವ್ಯವಸ್ಥೆ 1860ರ ದಶಕದಲ್ಲಿ ಬಂತು. ಅದಕ್ಕಿಂತ ಹಳೆಯದರಲ್ಲಿ ಕುದುರೆ ಮೊಳೆಯ ಮೇಲೆ ಕೂತೇ ಇರುತ್ತದೆ. ಅದನ್ನು ಕೈಯಿಂದ ಅರ್ಧಕ್ಕೆ ಎತ್ತದೆ ಕೋವಿ ಮುರಿಯಲು ಹೋದರೆ ಮೊಳೆಯೇ ಮುರಿದೀತು.

ಖಾಲಿ ಕೋವಿಯ ಟ್ರಿಗರ್ ‘ಟಕ್ ಟಕ್’ ಅಂತ ಎಳೆದು ಶೋಕಿ ಮಾಡುವವರಿಗೆ ಒಂದು ಮಾತು. ನೂರು ವರ್ಷದ ಮೊಳೆ, ಸ್ಪ್ರಿಂಗು ಅದಕ್ಕೆ ತಡೆಯುವುದಿಲ್ಲ. ಹೊಡೆದು ಮುಗಿದ ಖಾಲಿ ತೋಟಾದ ಕವಚ ಒಳಗಿಟ್ಟು ನೋಡಬೇಕು. ಈ ಕೋವಿಗಳಲ್ಲಿ ಪ್ರತ್ಯೇಕ ಸೇಫ್ಟಿ ಗುಂಡಿ ಸಾಮಾನ್ಯವಾಗಿ ಇರೋದಿಲ್ಲ, ಕುದುರೆ ಎಳೆಯದಿರುವುದೇ ಸೇಫ್ಟಿ. ಎಳೆದ ಕುದುರೆಯನ್ನು ಹೊಡೆಯದೆ ಇಳಿಸುವಾಗ ಬೆವರಿದ ಹೆಬ್ಬೆರಳು ಜಾರುವ ಅಪಾಯ ಇದ್ದೇ ಇದೆ. ಆದ್ದರಿಂದ ಮೊದಲು ಕೋವಿ ಮುರಿದು ತೋಟಾ ತೆಗೆದು, ಆಮೇಲೆ ಕುದುರೆ ಇಳಿಸುವುದು ಬಲ್ಲವರ ಕ್ರಮ.

ಮತ್ತೆ ಜೋಡಿಸಿ, ಕೈಮರ ಹಾಕದೆ, ಹಿಡಿ ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ನಳಿಕೆ ಲೊಡ ಲೊಡ ಅನ್ನಬಾರದು. ಮುಚ್ಚಿದಾಗ ನಳಿಕೆಯ ಹಿಂಬದಿಗೂ ಬೀಗದ ಮುಖಕ್ಕೂ ನಡುವೆ ಬೆಳಕು ತೂರಬಾರದು. ಮರದ ಹಿಡಿಯ ಕುತ್ತಿಗೆ ಭಾಗದಲ್ಲಿ ಬಿರುಕು ಇದೆಯೇ, ಹಿತ್ತಾಳೆ ಪಟ್ಟಿ ಕಟ್ಟಿ ಮರೆಮಾಚಿದ್ದಾರೆಯೇ ಅಂತಲೂ ನೋಡಬೇಕು. ಹೊಸದಾಗಿ ಪಾಲಿಶ್ ಮಾಡಿದ ಹಳೆ ಕೋವಿ ಕಂಡರೆ ಅನುಮಾನ ಬರಲಿ.

ಹಾವಿನ ಪೊರೆಯಂಥ ನಳಿಕೆ

ಕೆಲವು ಹಳೆ ನಳಿಕೆಗಳ ಮೇಲೆ ಹಾವಿನ ಪೊರೆಯಂಥ, ಸುರುಳಿ ಸುರುಳಿ ಚಿತ್ತಾರ ಕಾಣುತ್ತದೆ. ಇದೇ ಡಮಾಸ್ಕಸ್ ನಳಿಕೆ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಹುರಿ ಹೊಸೆದು, ಪಟ್ಟಿ ಮಾಡಿ, ಒಂದು ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದದ್ದು. ನೋಡಲು ಬಹಳ ಚೆಂದ, ಬೆಲೆ ಹೇಳುವವರು ಇದನ್ನೇ ತೋರಿಸಿ ಹೇಳುತ್ತಾರೆ. (ಡಮಾಸ್ಕಸ್ ಕತ್ತಿಗಳ ಕಥೆ ಬೇರೆ. ಅದಕ್ಕೆ ಹೋಗುತ್ತಿದ್ದದ್ದು ದಕ್ಷಿಣ ಭಾರತದ ಮೂಸೆಯ ಉಕ್ಕು. ಅದರ ಇಂಗ್ಲಿಷ್ ಹೆಸರು ‘ವೂಟ್ಜ್’ ನಮ್ಮ ‘ಉಕ್ಕು’ ಶಬ್ದದಿಂದಲೇ ಬಂತು ಅನ್ನೋ ಅಭಿಪ್ರಾಯ ಪ್ರಸಿದ್ಧ. ಇದೇ ಕೊಂಗು ನಾಡಿನ ನೊಯ್ಯಲ್ ದಂಡೆಯ ಕೊಡುಮಣಲ್ ಉತ್ಖನನದಲ್ಲಿ ಕಬ್ಬಿಣ, ಉಕ್ಕು ತಯಾರಿಸಿದ ಕುರುಹು ಸಿಕ್ಕಿದೆ.)

ಚೆಂದ ಇರಲಿ, ಅಪಾಯವೂ ಅಲ್ಲೇ ಇದೆ. ಈ ನಳಿಕೆಗಳಲ್ಲಿ ಬಹುಪಾಲು ಕರಿಮದ್ದಿನ ಕಾಲದವು. ಕರಿಮದ್ದು ಮೆಲ್ಲಗೆ ದೂಡುತ್ತದೆ, ಈಗಿನ ಹೊಗೆಯಿಲ್ಲದ ಮದ್ದಿನ ಸ್ವಭಾವ ಬೇರೆ. ನೂರಾರು ಬೆಸುಗೆಯ ಗೆರೆಗಳ ಒಳಗೆ ತುಕ್ಕು ಹೊಕ್ಕಿದ್ದರೆ ಹೊರಗಿನಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಸಿಡಿದರೆ ಸಿಡಿಯೋದು ಎಡಗೈ ಹಿಡಿದಿರುವ ಜಾಗದಲ್ಲೇ.

ಹಾಗಾದರೆ ತಿಳಿಯೋದು ಹೇಗೆ? ನಳಿಕೆ ಬಿಡಿಸಿದಾಗ ಅಡಿಯ ಚಪ್ಪಟೆ ಭಾಗದಲ್ಲಿ ಸಣ್ಣ ಸಣ್ಣ ಮುದ್ರೆ ಕಾಣುತ್ತವೆ. ಭೂತಗನ್ನಡಿ ಬೇಕು. ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಮುಂಚೆ ಪ್ರತಿ ಕೋವಿಯನ್ನೂ ಹೆಚ್ಚುವರಿ ಮದ್ದು ಹಾಕಿ ಹೊಡೆದು ಪರೀಕ್ಷಿಸುವ ಪ್ರೂಫ್ ಹೌಸುಗಳಿವೆ. ಲಂಡನ್ನಿನದ್ದು 17ನೇ ಶತಮಾನದ್ದು, ಬರ್ಮಿಂಗ್‌ಹ್ಯಾಮ್‌ನದ್ದು 1813ರದ್ದು. ಕಿರೀಟದ ಕೆಳಗಿನ ಅಕ್ಷರಗಳು ಅವರ ಮುದ್ರೆ. 1904ರ ನಂತರದ ಬರ್ಮಿಂಗ್‌ಹ್ಯಾಮ್ ಕೋವಿಯಲ್ಲಿ ಕಿರೀಟದ ಕೆಳಗೆ ‘ಎನ್‌ಪಿ’ ಅಂತಿದ್ದರೆ ಹೊಗೆಯಿಲ್ಲದ ಮದ್ದಿಗೆ ಪಾಸಾಗಿದೆ ಅಂತ. ಆ ಗುರುತು ಇಲ್ಲ, ನಳಿಕೆ ಡಮಾಸ್ಕಸ್, ಅಂದರೆ ಇಂದಿನ ತೋಟಾ ಅದಕ್ಕೆ ಹಾಕಲೇಬಾರದು. ಗುರುತು ಇದ್ದರೂ ಅದು ಪರೀಕ್ಷೆ ಆದ ದಿನದ ಸರ್ಟಿಫಿಕೇಟು ಅಷ್ಟೇ, ಆಮೇಲೆ ತಿಂದ ತುಕ್ಕಿಗೆ ಅದು ಜವಾಬ್ದಾರಿ ಅಲ್ಲ.

ಬೋರಿನ ಅಂಕಿಯೂ ಅಲ್ಲೇ ಇರುತ್ತದೆ. ಒಂದು ಪೌಂಡ್ ಸೀಸದಲ್ಲಿ ನಳಿಕೆಯ ಅಳತೆಯ 12 ಗುಂಡು ಆದರೆ ಅದು 12 ಬೋರ್. ಒಳವ್ಯಾಸ .729 ಇಂಚು, ಸುಮಾರು 18.5 ಮಿಲಿಮೀಟರ್. ಹಳೆ ಮುದ್ರೆಯಲ್ಲಿ 13 ಅಂತಿದ್ದರೆ ಪರೀಕ್ಷೆ ದಿನ ಒಳವ್ಯಾಸ .710ರ ಆಸುಪಾಸು ಇತ್ತು ಅಂತ ತಿಳಿಯಬೇಕು. ಇವತ್ತು ಅಳೆದಾಗ .729 ಬಂದರೆ ಯಾರೋ ಒಳಗಿನ ಗುಳಿ ಮುಚ್ಚಲು ಉಜ್ಜಿ ಉಜ್ಜಿ ಗೋಡೆ ತೆಳುವಾಗಿಸಿದ್ದಾರೆ. ಕನ್ನಡಿಯಂತೆ ಹೊಳೆಯುವ ನಳಿಕೆ ಕೆಲವೊಮ್ಮೆ ಮೋಸ ಮಾಡೋದು ಹೀಗೆ. ಗೋಡೆಯ ದಪ್ಪ ಎಲ್ಲೂ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ಕೋವಿ ಕೆಲಸಗಾರರು ಲೆಕ್ಕ ಇಡುತ್ತಾರೆ. ಇದಕ್ಕೆ ಅಳತೆಯ ಉಪಕರಣ ಬೇಕು, ಅಂದಾಜಿನ ಮಾತಲ್ಲ. ಲೈಸೆನ್ಸ್ ಇರುವ ಕೆಲಸಗಾರನಿಂದಲೇ ಮಾಡಿಸಬೇಕು. ಊರ ಕಮ್ಮಾರನ ಹತ್ತಿರ ವೆಲ್ಡಿಂಗ್ ಮಾಡಿಸೋದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ.

ಮೇಲೆ ಬರೆದ ಹೆಸರು ನೋಡಿ ಮರುಳಾಗಬೇಡಿ. ಕಲ್ಕತ್ತಾದ ಮ್ಯಾಂಟನ್, ರೊಡ್ಡಾ ಕಂಪನಿಗಳ ಹೆಸರಿನ ಕೋವಿಗಳು ದೇಶದ ತುಂಬ ಇವೆ. ಹೆಚ್ಚಾಗಿ ಮಾಲು ಬರ್ಮಿಂಗ್‌ಹ್ಯಾಮ್‌ನದ್ದು, ಹೆಸರು ಮಾರಿದ ಅಂಗಡಿಯದ್ದು. ಅಂಡಾಕಾರದೊಳಗೆ ‘ಇಎಲ್‌ಜಿ’ ಅಕ್ಷರ ಇದ್ದರೆ ಅದು ಬೆಲ್ಜಿಯಂನ ಲೀಜ್ ಪಟ್ಟಣದ ಪ್ರೂಫ್ ಮುದ್ರೆ. ಅಲ್ಲಿ ಒಳ್ಳೆ ಕೋವಿಗಳೂ ಆದವು, ಪ್ರಸಿದ್ಧ ಇಂಗ್ಲಿಷ್ ಹೆಸರುಗಳಿಗೆ ಹತ್ತಿರದ ಹೆಸರು ಕೆತ್ತಿದ ಅಗ್ಗದ ಕೋವಿಗಳೂ ಆದವು. ಮಾವನವರ ‘ಲಂಡನ್ ಮಾಲು’ ಬೆಲ್ಜಿಯಂನದ್ದಾದರೆ ಬೇಸರ ಪಡಬೇಕಿಲ್ಲ. ಬೆಲೆ ಮಾತ್ರ ಲಂಡನ್ನಿನದ್ದು ಕೊಡಬೇಕಿಲ್ಲ.

ಐದು ಮಿಲಿಮೀಟರಿನ ಗಂಡಾಂತರ

ಎಲ್ಲ ಸರಿ ಇದ್ದರೂ ಒಂದು ವಿಷಯದಲ್ಲಿ ಎಡವುವವರು ಬಹಳ. ಹಳೆ ಇಂಗ್ಲಿಷ್ 12 ಬೋರುಗಳಲ್ಲಿ ಹೆಚ್ಚಿನವಕ್ಕೆ ತೋಟಾ ಕೂರುವ ಗೂಡು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು. 1925ರ ನಂತರ ಪರೀಕ್ಷೆಯಾದ ಕೋವಿಯಲ್ಲಿ ಈ ಉದ್ದವನ್ನೂ ಮುದ್ರೆ ಹೊಡೆದಿರುತ್ತಾರೆ. ಮಾರುಕಟ್ಟೆಯಲ್ಲಿ 70 ಮಿಲಿಮೀಟರ್ ತೋಟಾವೂ ಸಿಗುತ್ತದೆ. ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾ ಎರಡೂ ಅಳತೆಯಲ್ಲಿ ಬಂದಿದೆ. ಹೊಡೆಯುವ ಮುಂಚೆ ತೋಟಾದ ಬಾಯಿ ಮಡಚಿರೋದರಿಂದ 70 ಮಿಲಿಮೀಟರಿನದ್ದು 65ರ ಗೂಡಿನಲ್ಲಿ ಆರಾಮಾಗಿ ಕೂರುತ್ತದೆ, ಕೋವಿ ಮುಚ್ಚಿಯೂ ಬಿಡುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ‘ಕೂತಿತು, ಅಂದ್ರೆ ಸರಿ’ ಅನ್ನೋ ಲೆಕ್ಕ ಇಲ್ಲಿ ನಡೆಯದು. ಕೊಳ್ಳುವ ಮುಂಚೆ ಗೂಡಿನ ಉದ್ದ ಅಳೆಸಿ, ಲೈಸೆನ್ಸ್ ಪುಸ್ತಕದ ಹಿಂದೆಯೇ ಪೆನ್ಸಿಲಿನಲ್ಲಿ ಅಲ್ಲ, ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹೊಡೆದು ನೋಡಿಯೇ ಕೊಳ್ಳುತ್ತೇನೆ ಅಂತ ತೋಟದಲ್ಲಿ ಪ್ರಯೋಗ ಮಾಡೋದೂ ಬೇಡ. ಲೈಸೆನ್ಸ್ ಇರುವುದು ಮಾರುವವರ ಹೆಸರಿಗೆ, ಕೊಳ್ಳುವವರ ಹೆಸರಿಗಲ್ಲ. ಮದುವೆ ಮನೆಯಲ್ಲಿ ಗಾಳಿಗೆ ಹಾರಿಸುವುದಕ್ಕೂ 2019ರ ತಿದ್ದುಪಡಿಯಲ್ಲಿ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ.

ಹಂದಿ ಕಾಟಕ್ಕೆ ಅಂತ ಕೊಳ್ಳುವವರು

ಬೆಳೆ ಕಾಯಲು ಕೋವಿ ಬೇಕು ಅನ್ನುವ ರೈತರ ಸಂಕಟ ಸುಳ್ಳಲ್ಲ. ನೆಲಗಡಲೆ, ಜೋಳದ ಹೊಲಕ್ಕೆ ರಾತ್ರಿ ಹಂದಿ ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ನೆಲ ಉತ್ತಂತಾಗಿರುತ್ತದೆ. ಆದರೆ ಕಾನೂನು ಮೂರು ರಾಜ್ಯದಲ್ಲಿ ಮೂರು ತೆರನಾಗಿದೆ. ಕೇರಳದಲ್ಲಿ 2022ರಿಂದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರ ಅನುಮತಿ ಮೇರೆಗೆ ಲೈಸೆನ್ಸ್ ಕೋವಿಯವರು ಬೆಳೆಗೆ ಬಂದ ಹಂದಿ ಹೊಡೆಯುವ ವ್ಯವಸ್ಥೆ ಬಂತು, ಕಾಸರಗೋಡಿನ ಕನ್ನಡಿಗರಿಗೆ ಇದು ಗೊತ್ತಿರುವ ವಿಷಯ. ತಮಿಳುನಾಡು 2025ರ ಜನವರಿಯಲ್ಲಿ ಹೊರಡಿಸಿದ ಆದೇಶದಲ್ಲಿ ಮೀಸಲು ಅರಣ್ಯದಿಂದ 3 ಕಿಲೋಮೀಟರ್ ಆಚೆ ಬಂದ ಹಂದಿಯನ್ನು ಹೊಡೆಯುವ ಅಧಿಕಾರ ಕೊಟ್ಟಿರೋದು ಅರಣ್ಯ ಸಿಬ್ಬಂದಿಗೆ, ರೈತನಿಗಲ್ಲ. ಕರ್ನಾಟಕದಲ್ಲಿ ಬೆಳೆ ರಕ್ಷಣೆ ಅಂತ ಲೈಸೆನ್ಸ್ ಕೊಟ್ಟಿದ್ದರೂ ಅದು ಬೇಟೆಯ ಪರವಾನಗಿ ಆಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಎಲ್ಲರ ತಲೆ ಮೇಲೂ ಇದೆ.

ಅದೇ ಕಾಯ್ದೆಯ 34ನೇ ಕಲಮನ್ನು ಗಡಿ ಭಾಗದವರು ಗಮನಿಸಬೇಕು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಇರುವ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಹನೂರು, ಕೊಳ್ಳೇಗಾಲದ ಕಡೆ ಮಲೆ ಮಹದೇಶ್ವರ, ಕಾವೇರಿ ವನ್ಯಧಾಮ, ಬಿಳಿಗಿರಿರಂಗನ ಬೆಟ್ಟ. ತಾಳವಾಡಿ ಪಕ್ಕದಲ್ಲೇ ಸತ್ಯಮಂಗಲ. ಉಡುಮಲೈ ಕಡೆ ಆನೆಮಲೆ. ಧಾರಾಪುರಂ ಬಯಲಿನಲ್ಲಿ ತೊಂದರೆಯಿಲ್ಲದೆ ಇದ್ದ ಕೋವಿಯನ್ನು ಹನೂರಿನ ಅಳಿಯ ಕೊಂಡರೆ ಈ ಅಡ್ಡಿ ಎದುರಾಗಬಹುದು. ಮುಂಗಡ ಕೊಡುವ ಮೊದಲೇ ವಿಚಾರಿಸೋದು ಜಾಣತನ.

ನಲವತ್ತೈದು ದಿನ

ಮಾರಾಟಕ್ಕೆ ಕ್ರಮ ಹೀಗಿದೆ. ಕೊಳ್ಳುವವರ ಹತ್ತಿರ ಮೊದಲೇ ಲೈಸೆನ್ಸ್ ಇರಬೇಕು, ಅದಕ್ಕೆ ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಕೋವಿ ನಿರ್ವಹಣೆಯ ತರಬೇತಿ ಎಲ್ಲ ಆಗಬೇಕು. 2019ರ ಡಿಸೆಂಬರ್‌ನಿಂದ ಒಬ್ಬರಿಗೆ ಎರಡೇ ಕೋವಿ, ಪಿತ್ರಾರ್ಜಿತವೂ ಅದರೊಳಗೇ ಲೆಕ್ಕ. ಲೈಸೆನ್ಸ್ ಅವಧಿ 5 ವರ್ಷ. ಮಾರುವವರು ಯಾರಿಗೆ ಮಾರುತ್ತಿದ್ದೇವೆ ಅಂತ ಹೆಸರು, ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲವೇ ಹತ್ತಿರದ ಠಾಣೆಗೆ ಬರೆದುಕೊಡಬೇಕು. ಅಲ್ಲಿಂದ 45 ದಿನ ಕಳೆಯದೆ ಕೋವಿ ಕೈ ಬದಲಾಗುವಂತಿಲ್ಲ. ಬರೆದುಕೊಟ್ಟದ್ದರ ಪ್ರತಿಗೆ ಠಾಣೆಯ ಮುದ್ರೆ ಹಾಕಿಸಿಕೊಂಡು ಎರಡೂ ಮನೆಯಲ್ಲಿ ಇಡಬೇಕು. ‘ಬೀಗರಲ್ವಾ, ಕಾಗದ ಆಮೇಲೆ’ ಅಂದವರು ಮುಂದೆ ಬೀಗತನವನ್ನೂ ಕಳೆದುಕೊಂಡಾರು.

ಗಡಿ ದಾಟಿಸುವಾಗ ಇನ್ನೊಂದು ತಡೆ. ಕರ್ನಾಟಕದ ಲೈಸೆನ್ಸಿನಲ್ಲಿ ವ್ಯಾಪ್ತಿ ಕರ್ನಾಟಕ ಅಂತ ಮಾತ್ರ ಇದ್ದರೆ ಅದನ್ನು ಹಿಡಿದು ಧಾರಾಪುರಂನಿಂದ ಕೋವಿ ತರುವಂತಿಲ್ಲ. ವ್ಯಾಪ್ತಿ ವಿಸ್ತರಿಸಿಕೊಳ್ಳಬೇಕು, ಇಲ್ಲವೇ ಸಾಗಣೆಗೆ ಅನುಮತಿ ಪಡೆಯಬೇಕು. ದಿಂಬಂ ಘಾಟಿಯ ಚೆಕ್‌ಪೋಸ್ಟಿನಲ್ಲಿ ‘ಮಾವ ಕೊಟ್ಟದ್ದು ಸಾರ್’ ಅಂದರೆ ಎರಡೂ ಕಡೆಯ ಪೊಲೀಸರು ಕೇಳುವುದಿಲ್ಲ. ಚುನಾವಣೆ ಘೋಷಣೆ ಆದ ಸಮಯವಾದರೆ ವ್ಯವಹಾರವನ್ನೇ ಮುಂದೂಡಬೇಕು. ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಆಗ ಆದೇಶ ಬರುತ್ತದೆ. ವಾರಗಟ್ಟಲೆ ಅಲ್ಲಿದ್ದು ಬಂದ ಕೋವಿಗೆ ಎಣ್ಣೆ ಕಾಣಿಸಿ, ನಳಿಕೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು.

ಎಲ್ಲ ಮುಗಿದು ಹೆಸರು ಬದಲಾದ ದಿನ ಹಳೆ ಟ್ರಂಕಿನ ತಳದಿಂದ ಇನ್ನೊಂದು ಗಂಟು ಹೊರಗೆ ಬರಬಹುದು: ಬಣ್ಣ ಮಾಸಿದ ಕಾಗದದ ತೋಟಾಗಳು, ಹಸಿರುಗಟ್ಟಿದ ಹಿತ್ತಾಳೆ ಬುಡ. ‘ಇವನ್ನೂ ಇಟ್ಕೊಳ್ಳಿ ಅಳಿಯಂದ್ರೇ, ದುಡ್ಡು ಬೇಡ’ ಅಂತ ಮಾವನವರು ಪ್ರೀತಿಯಿಂದ ಕೊಟ್ಟಾರು. ತೆಗೆದುಕೊಳ್ಳಬೇಡಿ. ತೋಟಾವೂ ಲೈಸೆನ್ಸಿನ ಲೆಕ್ಕಕ್ಕೇ ಬರುತ್ತದೆ, ಹಳೆ ಮದ್ದು ಹೇಗೆ ಸಿಡಿಯುತ್ತದೋ ಹೇಳಲಾಗದು. ಲೈಸೆನ್ಸ್‌ದಾರರೇ ಅವನ್ನು ಧಾರಾಪುರಂ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಲಿ.